ಸ್ವಂತ ಲೋಟ

ಹದಿನೇಳು ಬಾಟಲಿಗಳ ತಳದಲ್ಲಿ ಉಳಿದ ನೀರು ಕೂಡಿಸಿದರೆ ಒಂದು ಜೋಡಿ ಕೈ ತೊಳೆಯಬಹುದು. ಮಹಾಂತೇಶ ನಗರದ ಜನ ಕುಡಿದು ಬಿಸಾಕಿದ ಬಾಟಲಿಗಳು. ಕೆಲವರು ಅರ್ಧ ಬಿಟ್ಟಿರುತ್ತಾರೆ, ಕೆಲವರು ಒಂದೇ ಗುಟುಕು. ಆ ಎಂಜಲನ್ನೆಲ್ಲ ಬಣ್ಣದ ಹಳೆಯ ಡಬ್ಬಿಯೊಂದಕ್ಕೆ ಸುರಿದು, ಮಧ್ಯಾಹ್ನ ಬುತ್ತಿ ಬಿಚ್ಚುವ ಮೊದಲು ಆರು ಹೆಂಗಸರು ಸರದಿಯ ಮೇಲೆ ಅದರಲ್ಲಿ ಕೈ ಅದ್ದುತ್ತಿದ್ದರು. ಮೊದಲು ಅದ್ದಿದವಳ ಕೈ ತೊಳೆಯುತ್ತಿತ್ತು. ಕೊನೆಯವಳ ಕೈ ಬರೀ ಒದ್ದೆಯಾಗುತ್ತಿತ್ತು.

ಕೊನೆಯವಳು ಯಾವಾಗಲೂ ಸತ್ಯವ್ವ. ಐವತ್ತೈದು ದಾಟಿದ ಹೆಂಗಸು. ಎರಡೂ ಅಂಗೈ ಬಿರಿದು, ಬಿರುಕಿನೊಳಗೆ ಕೀವು ಕಟ್ಟಿತ್ತು. ತನ್ನ ಕೈಯ ಹೊಲಸು ಉಳಿದವರ ನೀರಿಗೆ ಬೇಡವೆಂದು ತಾನೇ ಹಿಂದೆ ನಿಲ್ಲುವಳು. ಖಾರ ತಾಗಿದರೆ ಉರಿ ನೆತ್ತಿಗೇರುತ್ತಿತ್ತು. ಅದಕ್ಕೇ ಬ್ರೆಡ್ಡಿನ ಖಾಲಿ ಕವರೊಂದನ್ನು ಕೈಗೆ ಹಾಕಿಕೊಂಡು ಅದರ ಮೇಲಿಂದಲೇ ರೊಟ್ಟಿ ಮುರಿಯುತ್ತಿದ್ದಳು. ಸಾಹೇಬರ ಮಂದಿ ಚಮಚದಲ್ಲಿ ಉಣ್ಣುತ್ತಾರೆ, ನಾನು ಕವರಿನಲ್ಲಿ ಉಣ್ಣುತ್ತೇನೆ, ಇಬ್ಬರ ಕೈಯೂ ಕೆಡುವುದಿಲ್ಲ ಎಂದು ತಾನೇ ನಗುತ್ತಿದ್ದಳು. ಬಾಜು ಕೂತು ಉಣ್ಣುವ ಮಾಯವ್ವನಿಗೆ ಆ ನಗು ಕೇಳಿಸಿಕೊಳ್ಳಲು ಆಗುತ್ತಿರಲಿಲ್ಲ. ಎದ್ದು ಚೀಲಗಳ ನಡುವೆ ಸುಮ್ಮನೆ ಅಡ್ಡಾಡುತ್ತಿದ್ದಳು.

ಶೆಡ್ಡು ಎಂದರೆ ನಾಲ್ಕು ಕಂಬ, ಅರ್ಧ ತಗಡು. ಮನೆಗಳು ಮುಗಿದು ನಾಲೆ ಶುರುವಾಗುವ ಜಾಗ. ಮನೆಮನೆಯ ಒಣ ಕಸ ಅಲ್ಲಿಗೆ ಬಂದು ಬೀಳುತ್ತಿತ್ತು. ಆರು ಹೆಂಗಸರು ಕುಕ್ಕರಗಾಲಿನಲ್ಲಿ ಕೂತು ಅದನ್ನು ಬೇರೆ ಬೇರೆ ಮಾಡಬೇಕು. ಹಾಲಿನ ಕವರು ಒಂದು ಚೀಲಕ್ಕೆ, ಬಾಟಲಿ ಒಂದಕ್ಕೆ, ಗಡುಸು ಡಬ್ಬಿ ಒಂದಕ್ಕೆ. ಕಣ್ಣಿಗೆ ಒಂದೇ ಥರ ಕಾಣುವ ತೆಳು ಕವರನ್ನು ಕಿವಿಯ ಹತ್ತಿರ ಹಿಡಿದು ಮುದುರಬೇಕು. ಕರಕರ ಎಂದರೆ ಒಂದು ಚೀಲ, ಮೆತ್ತಗೆ ಉಸುರಿದರೆ ಇನ್ನೊಂದು ಚೀಲ. ಮಾಯವ್ವನ ಕಿವಿ ಅದರಲ್ಲಿ ತಪ್ಪುತ್ತಿರಲಿಲ್ಲ. ಕೈ ಮಾತ್ರ ತಪ್ಪುತ್ತಿತ್ತು. ಕವರಿನೊಳಗೆ ಒಡೆದ ಬಲ್ಬು ಇರುತ್ತಿತ್ತು, ಬ್ಲೇಡು ಇರುತ್ತಿತ್ತು, ಕೂಸಿನ ಹೇಲು ಒರೆಸಿದ ಬಟ್ಟೆ ಇರುತ್ತಿತ್ತು. ರಕ್ತ ಬಂದರೆ ಬೆರಳು ಬಾಯಿಗೆ ಹಾಕಬಾರದು. ಹಾಕದೆ ಇರುವುದನ್ನು ಕಲಿಯಲು ಅವಳಿಗೆ ಒಂದು ವರ್ಷ ಹಿಡಿದಿತ್ತು.

ಖಾನಾಪುರದ ಕೇರಿಯಿಂದ ಅವಳು ದಿನಾ ನಸುಕಿನಲ್ಲೇ ಹೊರಡುವಳು. ಲೋಂಡಾ ಕಡೆಯಿಂದ ಬರುವ ರೈಲಿನಲ್ಲಿ ಬಾಗಿಲ ಹತ್ತಿರ ನಿಂತರೆ ಹಳಿಯ ಎರಡೂ ಬದಿಗೆ ಪೊದೆಗಳ ಮೇಲೆ ಕವರುಗಳು ಹೂವಿನ ಹಾಗೆ ಅರಳಿ ಕೂತಿರುತ್ತಿದ್ದವು. ಬಿಳಿ, ಕೆಂಪು, ನೀಲಿ. ಇದನ್ನು ಹೆಕ್ಕಲು ಎಷ್ಟು ಕೈ ಬೇಕು ಎಂದು ಒಂದು ಸಲ ಯೋಚಿಸಿದ್ದಳು. ಆಮೇಲೆ ಯೋಚಿಸುವುದನ್ನು ಬಿಟ್ಟಳು. ಕೈ ಯಾರವು ಎಂಬುದು ಅವಳಿಗೆ ಗೊತ್ತಿತ್ತು.

ನೇತ್ರಾ ಶೆಡ್ಡಿಗೆ ಮೊದಲ ಸಲ ಬಂದಾಗ ಮೂಗಿಗೆ ಸೆರಗು ಹಿಡಿದಿದ್ದಳು. ಬ್ಯಾಂಕಿನಿಂದ ನಿವೃತ್ತನಾದ ಗುರುಪಾದಪ್ಪನ ಹೆಂಡತಿ, ಬಡಾವಣೆಯ ಮಹಿಳಾ ಸಂಘದ ಅಧ್ಯಕ್ಷೆ. ಎರಡನೆಯ ಸಲ ಬಂದಾಗ ಸೆರಗು ಬಿಟ್ಟಳು. ಮೂರನೆಯ ಸಲ ಕೆಳಗೇ ಕೂತು ಎಲ್ಲವನ್ನೂ ಕೇಳಿದಳು. ಮಾಯವ್ವ ಹೇಳಿಕೊಟ್ಟಳು. ಹಾಲಿನ ಕವರು ಕತ್ತರಿಸುವಾಗ ಮೂಲೆಯನ್ನು ಪೂರ್ತಿ ತೆಗೆಯಬೇಡಿ, ಒಂದೆಳೆ ಹಿಡಿದುಕೊಂಡಿರಲಿ. ಆ ಚೂರು ಬೇರೆಯಾದರೆ ಯಾರ ಕೈಗೂ ಸಿಗುವುದಿಲ್ಲ, ನಾಲೆಗೆ ಹೋಗುತ್ತದೆ, ದನದ ಹೊಟ್ಟೆಗೆ ಹೋಗುತ್ತದೆ. ಕವರನ್ನು ತೊಳೆದು ದಾರದ ಮೇಲೆ ಒಣಗಿಸಿ ಕೊಡಿ. ಮುಟ್ಟಿನ ಬಟ್ಟೆಯನ್ನು ಹಾಳೆಯಲ್ಲಿ ಸುತ್ತಿ ಮೇಲೆ ಕೆಂಪು ಗುರುತು ಹಾಕಿ. ಗಾಜನ್ನು ಬೇರೆ ಇಡಿ.

ನೇತ್ರಾ ಅದನ್ನೆಲ್ಲ ಬರೆದುಕೊಂಡಳು. ಸುಳ್ಳು ಹೇಳಬಾರದು, ಮನೆಮನೆ ತಿರುಗಿದಳು. ಬಿಸಿಲಿನಲ್ಲಿ ತಿರುಗಿದಳು. ಹಳೆಯ ಸೀರೆಗಳನ್ನು ಕೂಡಿಸಿ ಚೀಲ ಹೊಲಿಸಿ ಹಂಚಿದಳು. ಕವರಿನಲ್ಲಿ ಕಾಯಿಪಲ್ಲೆ ತಂದವರನ್ನು ಬೀದಿಯಲ್ಲೇ ನಿಲ್ಲಿಸಿ ಮಾತಾಡಿದಳು. ಒಂದು ವರ್ಷದೊಳಗೆ ಕಸದ ಗಾಡಿ ಅರ್ಧಕ್ಕಿಳಿಯಿತು. ಮಾಯವ್ವನ ಬೆರಳುಗಳಿಗೆ ಗಾಜು ಚುಚ್ಚುವುದು ನಿಂತಿತು. ಉದ್ಯಾನದ ಗೋಡೆಯ ಮೇಲೆ ಹಾಲಿನ ಕವರಿನ ಮೂಲೆಯ ಸಂಗತಿ ದೊಡ್ಡ ಅಕ್ಷರದಲ್ಲಿ ಬಂತು, ಕೆಳಗೆ ನೇತ್ರಾಳ ಹೆಸರು ಬಂತು. ಇರಲಿ ಎಂದುಕೊಂಡಳು ಮಾಯವ್ವ. ಹೆಸರಿನಿಂದ ಕೈಗೇನೂ ಚುಚ್ಚುವುದಿಲ್ಲ.

ಬೆಳಿಗ್ಗೆ ಗಾಡಿಯ ಜೊತೆ ಮನೆಮನೆ ಸುತ್ತಿ ಕಸ ಒಟ್ಟುಮಾಡುವುದು ಮಾಯವ್ವ, ಸತ್ಯವ್ವನ ಪಾಳಿ. ಅದು ಮುಗಿದ ಮೇಲೆ ಗಾಡಿ ನೇತ್ರಾಳ ಮನೆಯ ಮುಂದೆ ನಿಲ್ಲುತ್ತಿತ್ತು. ಮಾಯವ್ವನಿಗೂ ಸತ್ಯವ್ವನಿಗೂ ಅಲ್ಲಿ ಚಹಾ. ಉಳಿದ ಮನೆಗಳಲ್ಲಿ ಅದೂ ಇರಲಿಲ್ಲ. ನೇತ್ರಾ ಗೇಟಿನ ಹೊರಗಿನ ಕಟ್ಟೆಯ ಮೇಲೆ ಎರಡು ಪ್ಲಾಸ್ಟಿಕ್ ಲೋಟ ಇಟ್ಟು, ಮೇಲಿನಿಂದ ಚಹಾ ಸುರಿಯುವಳು. ಲೋಟ ಕಾಗದದಷ್ಟು ತೆಳುವು. ಬಿಸಿಗೆ ಮೆತ್ತಗಾಗಿ ಸೊಂಟ ಮುರಿಯುತ್ತಿತ್ತು. ಅಂಚನ್ನು ಎರಡು ಬೆರಳಲ್ಲಿ ಹಿಡಿದು ಊದಿ ಊದಿ ಕುಡಿಯಬೇಕು. ಕುಡಿದು ಮುಗಿದ ಮೇಲೆ ಆ ಲೋಟವನ್ನು ತಮ್ಮದೇ ಚೀಲಕ್ಕೆ ಹಾಕಿಕೊಳ್ಳಬೇಕು. ಮಧ್ಯಾಹ್ನ ಶೆಡ್ಡಿನಲ್ಲಿ ಅದೇ ಲೋಟ ಕೈಗೆ ಸಿಗುತ್ತಿತ್ತು. ತಾನು ಕುಡಿದು ಬಿಟ್ಟದ್ದನ್ನು ತಾನೇ ಹೆಕ್ಕುವುದು.

ಗೇಟಿನಾಚೆ ಮನೆಯ ಬಾಗಿಲು ತೆರೆದಿರುತ್ತಿತ್ತು. ಒಳಗೆ ಗುರುಪಾದಪ್ಪ ಸ್ಟೀಲಿನ ಲೋಟದಲ್ಲಿ ಚಹಾ ಕುಡಿಯುತ್ತ ಪೇಪರು ಓದುವುದು ಕಾಣುತ್ತಿತ್ತು. ಅವನ ತಲೆಯ ಮೇಲೆ ಗೋಡೆಗೆ ಬಸವಣ್ಣನ ಫೋಟೋ ಕಾಣುತ್ತಿತ್ತು.

ಬೇಸಿಗೆಯ ಹೊತ್ತಿಗೆ ಸುದ್ದಿ ಬಂತು. ಹಸಿರು ಓಣಿ ವೇದಿಕೆ ಎಂಬ ಸಂಸ್ಥೆ ಪ್ಲಾಸ್ಟಿಕ್ ಬಿಟ್ಟ ಬಡಾವಣೆಗೆ ಬಹುಮಾನ ಕೊಡುತ್ತದಂತೆ. ಗೆದ್ದರೆ ಕಸ ಬೇರ್ಪಡಿಸುವವರ ಶೆಡ್ಡಿಗೆ ಪೂರ್ತಿ ತಗಡು, ನೆಲಕ್ಕೆ ಸಿಮೆಂಟು, ಒಂದು ನಳ. ನೇತ್ರಾ ಬಂದು ಹೇಳಿದಾಗ ಆರೂ ಹೆಂಗಸರು ಕೆಲಸ ನಿಲ್ಲಿಸಿದರು. ಸತ್ಯವ್ವ ನಳ ಎಲ್ಲಿ ಬರುತ್ತದೆ ಎಂದು ಕೇಳಿದಳು. ನೇತ್ರಾ ಒಂದು ಕಂಬದ ಕಡೆ ಕೈ ಮಾಡಿದಳು. ಮರುದಿನದಿಂದ ಸತ್ಯವ್ವ ಆ ಕಂಬದ ಹತ್ತಿರ ಚೀಲ ಇಡಲು ಯಾರನ್ನೂ ಬಿಡಲಿಲ್ಲ.

ಯಾವ ಮನೆಯಲ್ಲಿ ಇನ್ನೂ ಯಾವ ಪ್ಲಾಸ್ಟಿಕ್ ಉಳಿದಿದೆ ಎಂದು ನೋಡುವ ಕೆಲಸವನ್ನು ನೇತ್ರಾ ಮಾಯವ್ವನಿಗೇ ವಹಿಸಿದಳು. ಮಾಯವ್ವನಿಗೆ ಆಗ ಒಂದು ದಾರಿ ಹೊಳೆಯಿತು. ಬಾಯಿಬಿಟ್ಟು ಹೇಳಲಾಗದ್ದನ್ನು ಕಸದ ಬಾಯಿಂದ ಹೇಳಿಸುವ ದಾರಿ. ದಿನದ ಎರಡು ಲೋಟಗಳನ್ನು ಚೀಲಕ್ಕೆ ಹಾಕದೆ ಒಂದರೊಳಗೊಂದು ಸೇರಿಸಿ ಬದಿಗಿಟ್ಟಳು. ಎರಡು ತಿಂಗಳಿಗೆ ಅದು ಅವಳ ಸೊಂಟದೆತ್ತರ ಬೆಳೆಯಿತು. ಒಂದು ದಿನ ಅದನ್ನು ತಬ್ಬಿ ಹಿಡಿದು ತಂದು ನೇತ್ರಾಳ ಕಟ್ಟೆಯ ಮೇಲೆ ನಿಲ್ಲಿಸಿದಳು.

"ನಿಮ್ಮ ಮನಿಯಿಂದ ಈಗ ಬರೂ ಪ್ಲಾಸ್ಟಿಕ್ ಇದೊಂದ ನೋಡ್ರಿ ಅಕ್ಕಾರ," ಎಂದಳು.

ಅಕ್ಕಾರ ಮುಖ ಸಪ್ಪಗಾಗಬಹುದು, ಒಳಗೆ ಹೋಗಿ ಎರಡು ಸ್ಟೀಲಿನ ಲೋಟ ತರಬಹುದು, ಏನೂ ಮಾತಿಲ್ಲದೆ ಮುಗಿಯಬಹುದು ಎಂದುಕೊಂಡಿದ್ದಳು.

ನೇತ್ರಾಳ ಮುಖ ಅರಳಿತು. "ಅಯ್ಯ, ಇದ ನನ್ನ ತಲ್ಯಾಗ ಬಂದೇ ಇಲ್ಲ ನೋಡ ಮಾಯವ್ವಾ. ಊರಿಗೆಲ್ಲಾ ಹೇಳಾಕ ಹೋಗಿ ನಮ್ಮನೀದ ಮರತೇನಿ. ನಾಳಿಂದ ಬಂದ್ ಇದು. ನೀವು ಮನಿಯಿಂದ ನಿಮ್ಮ ನಿಮ್ಮ ಲೋಟಾ ತಗೊಂಡ ಬರ್ರಿ. ಈಗ ಎಲ್ಲಾರೂ ಹಂಗ ಮಾಡೂದ. ಸ್ವಂತ ಲೋಟಾ."

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಅದೇ ಮಾಯವ್ವನ ಮೈಗೆ ಮುಳ್ಳಾಯಿತು.

ಸ್ವಂತ ಲೋಟ.

ಖಾನಾಪುರದಲ್ಲಿ ಮಾಯವ್ವನ ಅಜ್ಜಿ ಕಾಡಿನಿಂದ ಕಟ್ಟಿಗೆ ಹೊರೆ ತಂದು ಮಾರುತ್ತಿದ್ದಳು. ಹೊರೆ ಇಳಿಸಿದ ಮೇಲೆ ಸ್ಟೇಷನ್ನಿನ ದಾರಿಯ ಹೋಟೆಲಿನ ಹಿಂದೆ ಚಹಾ. ಅಜ್ಜಿಗೆ ಅಲ್ಲಿ ಒಂದು ಲೋಟವಿತ್ತು. ರಾತ್ರಿ ಮೊಮ್ಮಗಳ ತಲೆ ನೇವರಿಸುತ್ತ ಅಜ್ಜಿ ಆ ಲೋಟದ ಕಥೆ ಹೇಳುತ್ತಿದ್ದಳು. ಒಂದೂರಾಗ ಒಂದ ಲೋಟಾ ಇತ್ತಂತ. ಅದಕ್ಕ ಹಂಚಿನ ಕೆಳಗ ಅರಮನಿ. ಜ್ಯಾಡ ಹುಳ ಅದರ ಬಾಗಲಾ ಕಾಯತಿತ್ತಂತ. ಗುಬ್ಬಿ ದಿನಾ ಬಂದು ಅದರಾಗ ಜಳಕಾ ಮಾಡಿ ಹೋಗತಿತ್ತಂತ. ಆ ಲೋಟಾ ಮಾತ್ರ ಯಾರ ಕೈಗೂ ಬರತಿದ್ದಿಲ್ಲ, ನಿಮ್ಮಜ್ಜಿ ಬಂದ್ರಷ್ಟ ಇಳೀತಿತ್ತು.

ಮಾಯವ್ವ ಆ ಲೋಟವನ್ನು ಕನಸಿನಲ್ಲಿ ಕಂಡಿದ್ದಳು. ಬೆಳ್ಳಿಯದು, ಮೇಲೆ ಬಳ್ಳಿ ಕೊರೆದದ್ದು. ಎರಡನೆಯ ಇಯತ್ತೆಯಲ್ಲಿ ಎದ್ದು ನಿಂತು ಇಡೀ ವರ್ಗಕ್ಕೆ ಹೇಳಿದಳು, ನಮ್ಮ ಅಜ್ಜಿಗೆ ಹೋಟೆಲಿನಲ್ಲಿ ಸ್ವಂತ ಲೋಟ ಇದೆ ಎಂದು. ಮಾಸ್ತರರ ಸೀಮೆಸುಣ್ಣ ನಿಂತಿತು. ಬಾಜು ಕೂತ ಹುಡುಗಿ ತನ್ನ ಪಾಟಿಯನ್ನು ಮೆಲ್ಲಗೆ ಆಚೆ ಎಳೆದುಕೊಂಡಳು. ಯಾಕೆಂದು ತಿಳಿಯಲಿಲ್ಲ. ಹನ್ನೊಂದನೆಯ ವಯಸ್ಸಿಗೆ ತಿಳಿಯಿತು. ಅಜ್ಜಿಯ ಜೊತೆ ಹೋದ ದಿನ, ಹೋಟೆಲಿನ ಮೇಜಿನ ಮೇಲಿದ್ದ ಗಾಜಿನ ಲೋಟಕ್ಕೆ ಕೈ ಚಾಚಿದಳು. ಹೋಟೆಲಿನವನ ಬಿಸಿ ಸೌಟು ಮಣಿಕಟ್ಟಿನ ಮೇಲೆ ಬಿತ್ತು. ಅಜ್ಜಿ ಹಂಚಿನ ಸಂದಿಯಿಂದ ನಗ್ಗಿದ ಅಲ್ಯುಮಿನಿಯಂ ಲೋಟ ಇಳಿಸಿ, ಜೇಡರ ಬಲೆ ಒರೆಸಿ, ಮೊಮ್ಮಗಳಿಗೆ ಚಹಾ ಕುಡಿಸಿ, ತೊಳೆದು, ಮತ್ತೆ ಅಲ್ಲೇ ಸಿಕ್ಕಿಸಿದಳು. ಅಂದಿನಿಂದ ಅಜ್ಜಿ ಆ ಕಥೆ ಹೇಳಲಿಲ್ಲ. ಮಾಯವ್ವನೂ ಕೇಳಲಿಲ್ಲ.

ಆ ಹೋಟೆಲು ಈಗ ಇಲ್ಲ. ಅಲ್ಲಿ ಮೊಬೈಲ್ ಅಂಗಡಿ ಬಂದಿದೆ.

ಮರುದಿನ ಸತ್ಯವ್ವ ಮನೆಯಿಂದ ಲೋಟ ತಂದಳು. ಮಾಯವ್ವ ತರಲಿಲ್ಲ. ಚಹಾ ಬಿಟ್ಟಿದ್ದೇನೆ, ಪಿತ್ತ ಆಗುತ್ತದೆ ಎಂದಳು. ದಿನಾ ಹಾಗೇ ಹೇಳಿದಳು. ಕಟ್ಟೆಯಿಂದ ದೂರ, ಗಾಡಿಯ ಚಕ್ರದ ಹತ್ತಿರ ನಿಂತು ಕಾಲು ಬದಲಿಸುತ್ತಿದ್ದಳು. ಕೂರಲಾಗುತ್ತಿರಲಿಲ್ಲ, ನಿಲ್ಲಲಾಗುತ್ತಿರಲಿಲ್ಲ. ಶೆಡ್ಡಿನಲ್ಲಿ ಮೊದಲ ಸಲ ಅವಳ ಕಿವಿ ತಪ್ಪಿತು. ಕರಕರ ಎನ್ನುವ ಕವರು ಮೆತ್ತನೆಯ ಚೀಲಕ್ಕೆ ಬಿತ್ತು. ಉಳಿದವರು ಮುಖ ಮುಖ ನೋಡಿಕೊಂಡರು.

ಸತ್ಯವ್ವನಿಗೆ ಎಲ್ಲ ಗೊತ್ತಿತ್ತು. ಒಂದು ಮಧ್ಯಾಹ್ನ ಅವಳು ಮಾತು ತೆಗೆದಳು. ಈ ಅಪಮಾನ ಹೊಸದಲ್ಲ, ನಲವತ್ತು ವರ್ಷದಿಂದ ಕುಡಿಯುತ್ತಿದ್ದೇನೆ, ನಳ ಬರುವ ತನಕ ಬಾಯಿ ಮುಚ್ಚಿಕೊಂಡಿರು ಎಂದಳು. ಕೈಗೆ ಹಾಕಿದ್ದ ಕವರು ತೆಗೆದು ಎರಡೂ ಅಂಗೈಗಳನ್ನು ಅವಳ ಮುಖದ ಮುಂದೆ ಹಿಡಿದಳು.

"ಇದನ್ನ ನೋಡ. ನಿನಗ ಮಾನ ಬೇಕು, ನನಗ ನೀರ ಬೇಕು. ನನ್ನ ಕೈಯಾಗಿನ ನೀರ ಚೆಲ್ಲಬ್ಯಾಡ, ಮಾಯಿ."

ಮಾಯವ್ವ ಅಂಗೈ ನೋಡಿದಳು. ಹಳದಿ ಬಿರುಕಿನ ನಡುವೆ ಕೆಂಪು ಮಾಂಸ ಕಾಣುತ್ತಿತ್ತು.

"ಇಲ್ಲ ಅತ್ತಿ. ಚೆಲ್ಲಂಗಿಲ್ಲ," ಎಂದಳು.

ಹೇಳುವಾಗ ಅದು ಖರೇ ಆಗಿತ್ತು.

ತಪಾಸಣೆಯ ದಿನ ನೇತ್ರಾಳ ಅಂಗಳಕ್ಕೆ ಸಗಣಿ ಸಾರಿಸಿ ರಂಗೋಲಿ ಹಾಕಿದ್ದರು. ವೇದಿಕೆಯಿಂದ ಸಂಜಯ ಎಂಬ ಅಧಿಕಾರಿ ಬಂದಿದ್ದ. ಕೈಯಲ್ಲಿ ಫಾರ್ಮು, ಕೊರಳಲ್ಲಿ ಕ್ಯಾಮರಾ. ಸಂಘದ ಹೆಂಗಸರು ಮೂವರು. ಗುರುಪಾದಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕುರ್ಚಿಗಳನ್ನು ಮೆಟ್ಟಿಲ ಮೇಲಿನ ಪಡಸಾಲೆಗೆ ತಾನೇ ತಂದಿಟ್ಟ. ಮಾಯವ್ವ, ಸತ್ಯವ್ವ ಗೇಟಿನ ಹತ್ತಿರ ನಿಂತಿದ್ದರು. ಇವತ್ತು ಒಳಗೆ ಬರಬೇಕು ಎಂದು ನೇತ್ರಾ ಮೊದಲೇ ಹೇಳಿದ್ದಳು.

ಒಳಗೆ ಕಾಲಿಡುವಾಗ ಮಾಯವ್ವ ಅದನ್ನು ಕಂಡಳು. ಗೇಟಿನ ಒಳಗಡೆಯ ಕಂಬಕ್ಕೆ, ಚಪ್ಪಲಿ ಬಿಡುವ ಜಾಗದ ಮೇಲೆ, ಹೊಸದಾಗಿ ಹಲಗೆ ಹೊಡೆದಿದ್ದರು. ಹಲಗೆಗೆ ನಾಲ್ಕು ಮೊಳೆ. ಮೊಳೆಗೆ ಕಿವಿ ಇರುವ ಸ್ಟೀಲಿನ ಲೋಟಗಳು. ಎರಡು ಕಸದವರಿಗೆ, ಒಂದು ಗಟಾರ ತೆಗೆಯುವವನಿಗೆ, ಒಂದು ಪಾಯಖಾನೆ ತೊಳೆಯುವವಳಿಗೆ. ಖಾಸಬಾಗದ ಭಾಂಡೆ-ಪಾತ್ರೆಯ ಅಂಗಡಿಯಲ್ಲಿ ಮಷೀನಿನಿಂದ ಹೆಸರು ಕೊರೆಸಿದ್ದರು. ಮದುವೆಯ ಉಡುಗೊರೆಗೆ ಕೊರೆಸುತ್ತಾರಲ್ಲ, ಹಾಗೆ, ಚುಕ್ಕಿ ಚುಕ್ಕಿಯಾಗಿ. ಮಾಯವ್ವ. ಅವಳ ಹೆಸರನ್ನು ಇದುವರೆಗೆ ಯಾರೂ ಲೋಹದ ಮೇಲೆ ಬರೆದಿರಲಿಲ್ಲ.

ನೇತ್ರಾ ಸಂಜಯನಿಗೆ ಹಲಗೆ ತೋರಿಸಿದಳು. ನಮ್ಮ ಹೊಸ ರೂಢಿ, ಪ್ರತಿಯೊಬ್ಬ ಕೆಲಸದವರಿಗೂ ಸ್ವಂತ ಲೋಟ, ವರ್ಷಕ್ಕೆ ಸಾವಿರಾರು ಪ್ಲಾಸ್ಟಿಕ್ ಲೋಟ ಉಳಿಯುತ್ತದೆ ಎಂದಳು. ಭಾಳ ಛಲೋ ಎಂದು ಅವನು ಫೋಟೋ ಹೊಡೆದ. ಬೆಳಕು ಸರಿ ಬೀಳಲೆಂದು ಮಾಯವ್ವನನ್ನು ತುಸು ಪಕ್ಕಕ್ಕೆ ಸರಿಯಲು ಹೇಳಿದ.

ಚಹಾ ಬಂತು. ತಾಟಿನಲ್ಲಿ ಎಂಟು ಲೋಟ, ಬಾಜು ಕಿಟಲಿ. ಲೋಟಗಳ ಮೇಲೆಲ್ಲ ನೇತ್ರಾಳ ಅತ್ತೆಯ ಹೆಸರು, ಅಕ್ಕವ್ವ ಎಂದು. ಅಧಿಕಾರಿ, ಗುರುಪಾದಪ್ಪ, ನೇತ್ರಾ, ಸಂಘದ ಮೂವರು ಕುಡಿದು ಲೋಟಗಳನ್ನು ತಾಟಿಗೆ ಇಟ್ಟರು. ಎರಡು ಲೋಟ ಬೋರಲಾಗಿಯೇ ಉಳಿದವು.

ಸಂಜಯ ಫಾರ್ಮು ತೆಗೆದ. ಕೊನೆಯ ಪುಟ ಕಸ ಬೇರ್ಪಡಿಸುವವರ ಹೇಳಿಕೆ, ಅವರ ಸಹಿ ಇಲ್ಲದೆ ನಡೆಯುವುದಿಲ್ಲ ಎಂದ. ಕಸ ಬೇರೆ ಮಾಡಿ ಕೊಡುತ್ತಾರೆಯೇ ಎಂದು ಕೇಳಿದ. ಮಾಯವ್ವ ಹೌದು ಎಂದಳು. ಕವರು ತೊಳೆದು ಕೊಡುತ್ತಾರೆಯೇ. ಹೌದು. ಪ್ಲಾಸ್ಟಿಕ್ ಕಡಿಮೆಯಾಗಿದೆಯೇ. ಹೌದು, ಖರೇ ಕಡಿಮೆಯಾಗಿದೆ ಎಂದಳು. ಮುಂದಿನ ಪ್ರಶ್ನೆ ಓದುತ್ತಲೇ ಅವನು ಪೆನ್ನನ್ನು ಹೌದು ಎಂಬಲ್ಲಿಗೆ ಒಯ್ದಿದ್ದ. "ನಿವಾಸಿಗಳು ನಿಮ್ಮನ್ನು ಗೌರವದಿಂದ ನಡೆಸಿಕೊಳ್ಳುತ್ತಾರೆಯೇ?"

"ತಡೀರಿ ಸಾಹೇಬ್ರ. ಅದಕ್ಕ ನಾ ಇನ್ನಾ ಏನೂ ಅಂದಿಲ್ಲ."

ಪೆನ್ನು ನಿಂತಿತು. ಹಿಂದಿನಿಂದ ಸತ್ಯವ್ವ ಅವಳ ಸೆರಗು ಎಳೆದಳು. ಬಿರಿದ ಚರ್ಮಕ್ಕೆ ಬಟ್ಟೆ ಸಿಕ್ಕಿಕೊಂಡದ್ದು ಮಾಯವ್ವನಿಗೆ ಗೊತ್ತಾಯಿತು. ನಳ ಇರುವುದು ಈ ಒಂದು ಗೀಟಿನಲ್ಲಿ. ಹೌದು ಎಂದರೆ ನೀರು. ಮೂರು ಅಕ್ಷರವೂ ಇಲ್ಲದ ಮಾತು. ನಾಲಿಗೆ ಏಳಲಿಲ್ಲ.

"ನೇತ್ರಕ್ಕಾರ, ನನಗ ಚಾ ಕೊಡ್ರಿ," ಎಂದಳು.

"ಪಿತ್ತ ಅಂತಿದ್ದೆಲ್ಲ?" ನೇತ್ರಾ ನಕ್ಕಳು. "ಬಾ, ನಿನ್ನ ಲೋಟಾ ತಗೊಂಡ ಬಾ."

"ಈ ತಾಟಿನಾಗಿಂದರಾಗ ಕೊಡ್ರಿ."

"ನಿಂದ ಹೊಸಾದ ಐತೆಲ್ಲ ಅಲ್ಲಿ. ನಾನ ಹೋಗಿ ಹೆಸರ ಹಾಕಿಸಿಕೊಂಡ ಬಂದೇನಿ."

"ಹೆಸರ ಹಾಕಿದ್ದಕ್ಕ ಬ್ಯಾಡರಿ."

ಸಂಘದ ಹೆಂಗಸರಲ್ಲೊಬ್ಬರು ಮೊಬೈಲು ನೋಡತೊಡಗಿದರು. ಗುರುಪಾದಪ್ಪ ಕೆಮ್ಮಿದ. ಕೊಟ್ಟರಾಯಿತು ಕೊಡು ಎಂದು ಹೆಂಡತಿಗೆ ಮೆಲ್ಲಗೆ ಹೇಳಿದ, ಹೇಳಿ ತಾನು ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. ನೇತ್ರಾಳ ಕೈ ಕಿಟಲಿಯ ಹಿಡಿಕೆಯ ಮೇಲಿತ್ತು. ಕಿಟಲಿ ಮೇಲೇಳಲಿಲ್ಲ.

ಮಾಯವ್ವ ಮೂರು ಮೆಟ್ಟಿಲು ಹತ್ತಿದಳು. ಬೋರಲಿದ್ದ ಲೋಟವೊಂದನ್ನು ನೆಟ್ಟಗೆ ಮಾಡಿದಳು. ಕಿಟಲಿಯನ್ನು ನೇತ್ರಾಳ ಕೈಯಡಿಯಿಂದ ತೆಗೆದುಕೊಂಡು ಸುರಿದು ಮತ್ತೆ ಅಲ್ಲೇ ಇಟ್ಟಳು. ನಿಂತುಕೊಂಡೇ ಕುಡಿದಳು. ಊದಲಿಲ್ಲ. ಅಂಚಿಗೆ ತುಟಿ ಹಚ್ಚಿ, ಗುಟುಕು ಗುಟುಕಾಗಿ, ತಳದ ಚರಟದ ತನಕ. ನಾಲಿಗೆ ಸುಟ್ಟಿತು. ಸುಡಲಿ.

ಕುಡಿದ ಲೋಟವನ್ನು ತಾಟಿನಲ್ಲಿ ಉಳಿದ ಎಂಜಲು ಲೋಟಗಳ ನಡುವೆ ಇಟ್ಟಳು. ಆಮೇಲೆ ಎರಡೂ ಕೈ ಹಾಕಿ ಅವನ್ನು ತಿರುವಿದಳು. ಅದನ್ನು ಇಲ್ಲಿಗೆ, ಇದನ್ನು ಅಲ್ಲಿಗೆ, ಮತ್ತೆ ಅದನ್ನು ಇಲ್ಲಿಗೆ. ದಿನಕ್ಕೆ ನಾಲ್ಕು ಚೀಲ ಬೇರೆ ಮಾಡುವ ಕೈ, ಕಣ್ಣಿಗೆ ಸಿಗದಷ್ಟು ಬೇಗ ಆಡಿತು. ಒಂದಕ್ಕೊಂದು ತಾಗಿ ಖಣಖಣ ಸದ್ದಾಯಿತು. ಕೈ ತೆಗೆದಾಗ ತಾಟಿನಲ್ಲಿ ಏಳು ಎಂಜಲು ಲೋಟಗಳಿದ್ದವು. ಏಳರ ಮೇಲೂ ಅಕ್ಕವ್ವ ಎಂದಿತ್ತು.

"ಈಗ ಕೇಳ್ರಿ ಸಾಹೇಬ್ರ," ಎಂದಳು.

ಸಂಜಯ ಫಾರ್ಮಿನಿಂದ ತಲೆ ಎತ್ತಿದ. ಅವಳು ಅವನ ಕಡೆ ನೋಡುತ್ತಿರಲಿಲ್ಲ. ನೇತ್ರಾಳ ಕಡೆ ನೋಡುತ್ತಿದ್ದಳು. ನೇತ್ರಾಳ ಕಣ್ಣು ತಾಟಿನ ಮೇಲಿತ್ತು. ಒಂದು ಲೋಟದಿಂದ ಇನ್ನೊಂದಕ್ಕೆ, ಇನ್ನೊಂದರಿಂದ ಮತ್ತೊಂದಕ್ಕೆ ಹೋಗುತ್ತಿತ್ತು. ಯಾವುದು. ಯಾವುದು.

"ನನ್ನ ಕೇಳಬ್ಯಾಡ್ರಿ. ಅಕ್ಕಾರ ಕಣ್ಣ ನೋಡ್ರಿ. ಅಲ್ಲೇನೈತಿ ಅದನ್ನ ಬರಕೋರಿ. ಅದಕ್ಕ ಸಹಿ ಮಾಡ್ತೇನಿ."

ಅಧಿಕಾರಿ ಬರೆಯಲಿಲ್ಲ. ಪೆನ್ನಿಗೆ ಟೋಪಿ ಹಾಕಿದ. ಫಾರ್ಮು ಮಡಚಿದ. ಇನ್ನೊಂದು ದಿನ ನೋಡೋಣ ಎಂದು ಗುರುಪಾದಪ್ಪನಿಗೆ ಹೇಳಿದ. ಇನ್ನೊಂದು ದಿನ ಎಂದರೆ ಏನೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಗೇಟಿನ ಆಚೆ ಅವನ ಗಾಡಿ ಶುರುವಾದ ಸದ್ದು ಕೇಳಿಸಿತು.

ಮಾಯವ್ವನಿಗೆ ಹಿಂದೆ ತಿರುಗಲು ಧೈರ್ಯ ಬರಲಿಲ್ಲ. ಸತ್ಯವ್ವ ಹಿಂದೆ ಇದ್ದಳು. ಹೇಳಿದ ಮಾತು ತಪ್ಪಿದೆ. ಮುದುಕಿ ಬೈಯಲಿ, ಕಪಾಳಕ್ಕೆ ಹೊಡೆಯಲಿ, ಎಲ್ಲರೆದುರು ಹೊಡೆಯಲಿ ಎಂದು ಬೆನ್ನು ಕೊಟ್ಟು ನಿಂತಳು.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಮೊಣಕಾಲು ನೋವಿನ, ಒಂದು ಉದ್ದ ಒಂದು ಗಿಡ್ಡ ಹೆಜ್ಜೆ. ಸತ್ಯವ್ವ ಅವಳನ್ನು ದಾಟಿ ಮುಂದೆ ಬಂದಳು. ಮುಖ ನೋಡಲಿಲ್ಲ. ತಾಟಿನೊಳಗೆ ಕೈ ಹಾಕಿ, ಏಳು ಎಂಜಲು ಲೋಟಗಳನ್ನು ಬದಿಗೆ ಸರಿಸಿ, ಬೋರಲಿದ್ದ ಒಂದೇ ಒಂದನ್ನು ತೆಗೆದುಕೊಂಡಳು. ಬಿರಿದ ಅಂಗೈಗೆ ಸ್ಟೀಲು ತಾಗಿ ಹಲ್ಲು ಕಚ್ಚಿದಳು.

"ನನಗೂ ಹಾಕ್ರಿ ಅಕ್ಕಾರ," ಎಂದಳು. "ಆಕಿ ತಾನ ಸುರಕೊಂಡ್ಲು. ನನ್ನ ಕೈಲೆ ಕಿಟ್ಲಿ ಎತ್ತಾಕ ಆಗೂದಿಲ್ಲ. ನೀವ ಹಾಕಬೇಕು."

ಲೋಟವನ್ನು ನೇತ್ರಾಳ ಮುಂದೆ ಹಿಡಿದೇ ನಿಂತಳು. ಹಿಂದೆ ಸರಿಯಲಿಲ್ಲ.